ಸರ್ಕಾರದ ಖರ್ಚು, ಜಿಲ್ಲೆಯ ಬೆಳವಣಿಗೆ ಮತ್ತು ಎರಡು ತಲೆಮಾರಿನ ದುಡಿಮೆ: ದಾವಣಗೆರೆ–ಚಿತ್ರದುರ್ಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಎಪಿಎಂಸಿ ಪ್ರಾಂಗಣದಿಂದ ಹಿಡಿದು ಕಾಲೇಜಿನ ಸಿಬ್ಬಂದಿ ಕೊಠಡಿಯವರೆಗೆ ಈಚಿನ ವರ್ಷಗಳಲ್ಲಿ ಎರಡು ದೂರುಗಳು ಜೊತೆಜೊತೆಯಾಗಿಯೇ ಕೇಳಿಬರುತ್ತವೆ. ಸರ್ಕಾರ ಹಣ ಹಂಚಿ ಹಂಚಿ ಖಜಾನೆಯನ್ನು ಬರಿದು ಮಾಡುತ್ತಿದೆ ಎಂಬುದು ಒಂದು; ಈಗಿನ ಹುಡುಗರಿಗೆ ಮೈಬಗ್ಗಿಸಿ ದುಡಿಯುವ ಮನಸ್ಸಿಲ್ಲ ಎಂಬುದು ಇನ್ನೊಂದು. ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಲೆಕ್ಕದ ಮುಂದೆಯೂ ಈ ನೆಲದ ಚರಿತ್ರೆಯ ಮುಂದೆಯೂ ಇಟ್ಟು ನೋಡಬೇಕೆಂಬ ಉದ್ದೇಶದಿಂದ, ರೈತರು, ತಂದೆತಾಯಂದಿರು ಹಾಗೂ ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆಯಲಾಗಿದೆ.

ರಾಜ್ಯ ಸರ್ಕಾರದ ಹಣ ಯಾವುದಕ್ಕೆ ಖರ್ಚಾಗುತ್ತದೆ? ಗ್ಯಾರಂಟಿಗಳೇ ಎಲ್ಲವನ್ನೂ ನುಂಗುತ್ತಿವೆಯೇ?

2025ರ ಮಾರ್ಚ್ 7ರಂದು ಮಂಡನೆಯಾದ 2025–26ರ ಕರ್ನಾಟಕ ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 3,11,739 ಕೋಟಿ ರಾಜಸ್ವ ವೆಚ್ಚ, 71,336 ಕೋಟಿ ಬಂಡವಾಳ ವೆಚ್ಚ, ಉಳಿದದ್ದು ಹಳೆಯ ಸಾಲದ ಅಸಲು ಮರುಪಾವತಿ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಶಾಲೆ ಮತ್ತು ಆಸ್ಪತ್ರೆ ನಡೆಸುವ ಖರ್ಚು ಇವೆಲ್ಲ ರಾಜಸ್ವ ವೆಚ್ಚಕ್ಕೆ ಸೇರುತ್ತವೆ. ಕಾಲುವೆ, ಸೇತುವೆ, ರಸ್ತೆ, ಕಟ್ಟಡಗಳಂತಹ ಬಹುಕಾಲ ಬಾಳುವ ಆಸ್ತಿಗೆ ಹಾಕುವ ಹಣ ಬಂಡವಾಳ ವೆಚ್ಚ.

ಗೃಹಲಕ್ಷ್ಮಿ, ಶಕ್ತಿ, ಯುವನಿಧಿ ಮೊದಲಾದ ಐದು ಗ್ಯಾರಂಟಿ ಯೋಜನೆಗಳಿಗೆ ಅದೇ ಬಜೆಟ್ಟಿನಲ್ಲಿ ತೆಗೆದಿರಿಸಿದ್ದು 51,034 ಕೋಟಿ, ಅಂದರೆ ಒಟ್ಟು ಗಾತ್ರದ ಎಂಟನೆಯ ಒಂದು ಭಾಗದಷ್ಟು. ಇದು ಸಣ್ಣ ಮೊತ್ತವೇನೂ ಅಲ್ಲ. ಆದರೆ ಉಳಿದ ಏಳು ಪಾಲಿನ ಬಗ್ಗೆ ಊರಿನಲ್ಲಿ ಯಾರೂ ಮಾತನಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಅದಕ್ಕೂ ಪ್ರತಿವರ್ಷ ಸಾವಿರಾರು ಕೋಟಿ ಬೇಕು, ಆದರೆ ಅದನ್ನು ಬಿಟ್ಟಿ ಭಾಗ್ಯ ಎಂದು ಯಾರೂ ಕರೆಯಲಿಲ್ಲ. ನೌಕರರ ಸಂಬಳ ಏರಿದ್ದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಸರ್ಕಾರದ ಖರ್ಚನ್ನು ಅಳೆಯುವಾಗ ಎಲ್ಲ ಬಾಬತ್ತುಗಳಿಗೂ ಒಂದೇ ಅಳತೆಗೋಲನ್ನು ಹಿಡಿಯಬೇಕು.

ಸರ್ಕಾರ ಖರ್ಚು ಮಾಡಿದರೆ ಆರ್ಥಿಕತೆ ಬೆಳೆಯುತ್ತದೆ ಎನ್ನುವುದು ನಿಜವೇ?

ಎಲ್ಲಿ, ಯಾವ ಬಗೆಯ ಖರ್ಚು ಎನ್ನುವುದನ್ನು ಇದು ಅವಲಂಬಿಸಿದೆ. ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ ಅವರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ ಒಂದು ರೂಪಾಯಿ ಬಂಡವಾಳ ವೆಚ್ಚ ಒಟ್ಟು ಉತ್ಪಾದನೆಯನ್ನು 2.45 ರೂಪಾಯಿಯಷ್ಟು ಹೆಚ್ಚಿಸುತ್ತದೆ, ನೇರ ಹಣ ವರ್ಗಾವಣೆಯ ಒಂದು ರೂಪಾಯಿ 98 ಪೈಸೆಯಷ್ಟು ಹೆಚ್ಚಿಸುತ್ತದೆ. ಕಾಲುವೆ ಮತ್ತು ರೈಲಿಗೆ ಹಣ ಹಾಕಿರಿ ಎಂದು ಅರ್ಥಶಾಸ್ತ್ರಜ್ಞರು ಒತ್ತಿ ಹೇಳುವುದಕ್ಕೆ ಇಂತಹ ಅಂದಾಜುಗಳೇ ಆಧಾರ.

ಈ ಲೆಕ್ಕ ಇಡೀ ದೇಶದ್ದು ಎಂಬುದನ್ನು ಮರೆಯಬಾರದು. ಹಿರಿಯೂರಿನಲ್ಲಿ ಒಂದು ಮೇಲ್ಸೇತುವೆ ಕಟ್ಟಿದಾಗ ಉಕ್ಕು, ಯಂತ್ರ, ಗುತ್ತಿಗೆದಾರ, ಎಂಜಿನಿಯರ್ ಎಲ್ಲವೂ ಹೊರಗಿನಿಂದ ಬರುತ್ತವೆ. ಖರ್ಚಾದ ಹಣದ ಬಹುಪಾಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ದೇಶದ ಲೆಕ್ಕದಲ್ಲಿ ಅದು ಬೆಳವಣಿಗೆಯಾಗಿಯೇ ಕಾಣುತ್ತದೆ. ಗೃಹಲಕ್ಷ್ಮಿಯ ಹಣದ ನಡಿಗೆ ಬೇರೆ. ಉದಾಹರಣೆಗೆ 500 ಮಂದಿ ಫಲಾನುಭವಿಗಳಿರುವ ಒಂದು ಹಳ್ಳಿಗೆ ತಿಂಗಳಿಗೆ 2,000 ರೂಪಾಯಿಯಂತೆ 10 ಲಕ್ಷ, ವರ್ಷಕ್ಕೆ 1.2 ಕೋಟಿ ಬರುತ್ತದೆ. ಅದು ಕಿರಾಣಿ ಅಂಗಡಿ, ಔಷಧಿ ಅಂಗಡಿ, ಮಕ್ಕಳ ಶಾಲಾ ಶುಲ್ಕ, ಸ್ವಸಹಾಯ ಸಂಘದ ಕಂತು ಎಂದು ತಾಲ್ಲೂಕಿನೊಳಗೇ ಒಂದು ಸುತ್ತು ತಿರುಗುತ್ತದೆ. ಹೀಗಾಗಿ ಜಿಲ್ಲೆಯ ಮಟ್ಟದಲ್ಲಿ ಈ ಎರಡು ಖರ್ಚುಗಳ ನಡುವಿನ ಅಂತರ 2.45 ಮತ್ತು 0.98ರಷ್ಟು ಇರಲಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಕಿರಾಣಿ ಅಂಗಡಿಯ ವ್ಯಾಪಾರ ಎಷ್ಟೇ ಹೆಚ್ಚಿದರೂ ಅದರಿಂದ ಕಾರ್ಖಾನೆ ಹುಟ್ಟುವುದಿಲ್ಲ, ಹೊಲಕ್ಕೆ ನೀರು ಬರುವುದಿಲ್ಲ. ಹಂಚಿದ ಹಣದಿಂದ ಮನೆಯ ಉಸಿರಾಟ ಸಲೀಸಾಗುತ್ತದೆ. ಮುಂದಿನ ತಲೆಮಾರಿಗೆ ಕೆಲಸ ಬೇಕೆಂದರೆ ಆಸ್ತಿಯೂ ನಿರ್ಮಾಣವಾಗಬೇಕು. ಎರಡೂ ಬೇಕೆಂಬುದೇ ನಮ್ಮ ಕಷ್ಟ.

ಮೆಕ್ಕೆಜೋಳದ ಕಟಾವಿಗೆ ಆಳು ಸಿಗುತ್ತಿಲ್ಲ. ಗ್ಯಾರಂಟಿ ಹಣ ಬಂದ ಮೇಲೆಯೇ ಹೀಗಾಯಿತಲ್ಲವೇ?

ಆಳು ಸಿಗುತ್ತಿಲ್ಲ ಎಂಬುದು ನಿಜ. ಕಾರಣ ಮಾತ್ರ ಅಷ್ಟು ಸರಳವಾಗಿಲ್ಲ.

ಗೃಹಲಕ್ಷ್ಮಿಯಿಂದ ಒಂದು ಮನೆಗೆ ವರ್ಷಕ್ಕೆ ಬರುವುದು 24,000 ರೂಪಾಯಿ, ದಿನಕ್ಕೆ ಲೆಕ್ಕ ಹಾಕಿದರೆ 66 ರೂಪಾಯಿ. ಇದನ್ನು ನಂಬಿ ಒಂದು ಕುಟುಂಬ ದುಡಿಮೆ ಬಿಟ್ಟು ಕೂರುತ್ತದೆ ಎನ್ನುವವರು ಆ ಮನೆಯ ಸಂತೆಯ ಚೀಲವನ್ನೊಮ್ಮೆ ತೂಗಿ ನೋಡಬೇಕು. ಈ ಹಣದಿಂದ ಬದಲಾಗಿರುವುದು ಬೇರೊಂದು ಸಂಗತಿ: ನಾಳೆಯ ಅಕ್ಕಿಗಾಗಿ ಇಂದು ಯಾವ ಕೂಲಿಗಾದರೂ ಒಪ್ಪಲೇಬೇಕೆಂಬ ಒತ್ತಡ ಕಡಿಮೆಯಾಗಿದೆ. ಕೂಲಿಯ ದರವನ್ನು ಚೌಕಾಸಿ ಮಾಡುವ ಶಕ್ತಿ ಕೆಲಸಗಾರರ ಕಡೆಗೆ ಸ್ವಲ್ಪ ವಾಲಿದೆ. ಅದು ಸಣ್ಣ ರೈತನಿಗೆ ಹೊರೆಯಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಮೆಕ್ಕೆಜೋಳದ ಧಾರಣೆ ಏರದೆ ಕೂಲಿ ಮಾತ್ರ ಏರಿದಾಗ ನಷ್ಟ ಬೀಳುವುದು ಎರಡು ಎಕರೆಯವನ ಮೇಲೆಯೇ. ಹಾಗೆಂದು ಈ ಜಗಳವನ್ನು ಸೋಮಾರಿತನದ ಕಥೆಯಾಗಿ ಹೇಳುವುದು ಅನ್ಯಾಯ. ಬೆಲೆ ಮತ್ತು ಕೂಲಿಯ ನಡುವೆ ಸಿಕ್ಕಿಕೊಂಡ ಇಬ್ಬರು ಬಡವರ ಸಂಕಟ ಇದು.

ಆಳಿನ ಕೊರತೆ ಗ್ಯಾರಂಟಿಗಳಿಗಿಂತ ಬಹಳ ಹಿಂದಿನದು. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆಯ ಕಡೆಯವರು ಮಳೆ ಕೈಕೊಟ್ಟ ವರ್ಷಗಳಲ್ಲಿ ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಗುಳೆ ಹೋಗುವುದು ಹಳೆಯ ರೂಢಿ. ದಾವಣಗೆರೆ ಸುತ್ತಿನ ಭತ್ತದ ಗದ್ದೆಗಳಿಗೆ ಕಟಾವು ಯಂತ್ರ ಬಂದು ವರ್ಷಗಳೇ ಆದವು. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಮರ ಏರುವ ನುರಿತವರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಿದ್ದರೆ ಬೆನ್ನುಮೂಳೆ ಮುರಿಯುವ, ವಿಮೆಯಿಲ್ಲದ ಕೆಲಸಕ್ಕೆ ಮಗನನ್ನು ಕಳಿಸದಿರಲು ಆ ಕೆಲಸ ಮಾಡಿದ ತಂದೆಯೇ ಮೊದಲು ನಿರ್ಧರಿಸಿದ.

ಹಳ್ಳಿಗರಿಗೆ ಕೂಲಿ ಕೆಲಸ ಕೊಡುವ ಉದ್ಯೋಗ ಖಾತರಿಯ (ನರೇಗಾ) ಮೇಲೂ ಇದೇ ಆರೋಪವಿತ್ತು. 2005ರ ಕಾಯ್ದೆಯಡಿ ವರ್ಷಕ್ಕೆ 100 ದಿನ ಕೆಲಸವಿತ್ತು. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆಯನ್ನು ತಂದು ದಿನಗಳನ್ನು 125ಕ್ಕೆ ಏರಿಸಿತು, ವೆಚ್ಚದ ಶೇ 40ನ್ನು ಕರ್ನಾಟಕದಂತಹ ರಾಜ್ಯಗಳ ಮೇಲೆ ಹಾಕಿತು, ಬಿತ್ತನೆ ಮತ್ತು ಕಟಾವಿನ ಹೊತ್ತಿನಲ್ಲಿ 60 ದಿನ ಕೆಲಸವನ್ನು ನಿಲ್ಲಿಸಲು ಅವಕಾಶ ಕೊಟ್ಟಿತು. ರೈತರ ದೂರಿಗೆ ಕಿವಿಗೊಟ್ಟ ಈ ಕೊನೆಯ ಅಂಶವು ಬೇರೆ ದಾರಿಯಿಲ್ಲದ ಕೂಲಿಕಾರರ ಪಾಲಿಗೆ ಏನಾಗುತ್ತದೆ ಎಂಬುದನ್ನು ನಮ್ಮ ಗ್ರಾಮಸಭೆಗಳು ಕಣ್ಣಿಟ್ಟು ನೋಡಬೇಕು.

ನಮ್ಮ ಕಾಲದಲ್ಲಿ ಸರ್ಕಾರ ಏನನ್ನೂ ಕೊಡಲಿಲ್ಲ, ನಾವೇ ದುಡಿದು ಮೇಲೆ ಬಂದೆವು. ಈಗಿನವರಿಗೆ ಏಕೆ ಆಗುವುದಿಲ್ಲ?

ಹಿರಿಯರ ದುಡಿಮೆ ದೊಡ್ಡದು. ಅದನ್ನು ಗೌರವಿಸಿಯೇ ಈ ಮಾತನ್ನು ತಿದ್ದಬೇಕಾಗಿದೆ, ಏಕೆಂದರೆ ಆ ದುಡಿಮೆಯ ಕೆಳಗೆ ಸರ್ಕಾರದ ಖರ್ಚು ಅಡಿಪಾಯದಂತೆ ಇತ್ತು.

ಮೈಸೂರು ಸಂಸ್ಥಾನ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ ಹಿರಿಯೂರು ಸೀಮೆಯ ತೆಂಗು, ಅಡಿಕೆ, ಬಾಳೆಗೆ ನೀರು ಕೊಟ್ಟಿತು. ಆ ಕಾಲಕ್ಕೆ ಅದು ಬರಡು ಸೀಮೆಯಲ್ಲಿ ಮಾಡಿದ ದುಬಾರಿ ಖರ್ಚು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಲಾಭ ನಷ್ಟದ ಲೆಕ್ಕವನ್ನು ಐದೈದು ವರ್ಷಕ್ಕೆ ಹಾಕಿದ್ದರೆ ಅದನ್ನು ಯಾರೂ ಕಟ್ಟುತ್ತಿರಲಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 1960ರ ದಶಕದಲ್ಲಿ ಪೂರ್ಣಗೊಂಡು ಬಲದಂಡೆ ನಾಲೆಯ ನೀರು ದಾವಣಗೆರೆ ಸೀಮೆಗೆ ಹರಿದಾಗ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲ ಭತ್ತದ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ನಾಲೆಯ ನೀರು ಮುಟ್ಟಿದ ಹಳ್ಳಿಯ ಮಗ ಕಾಲೇಜಿಗೆ ಹೋದ, ಮುಟ್ಟದ ಹಳ್ಳಿಯವನು ಗುಳೆ ಹೋದ. ಇಬ್ಬರ ತಂದೆಯರೂ ಅಷ್ಟೇ ಬೆವರು ಸುರಿಸಿದ್ದರು.

ನಗರದ ಕಥೆಯೂ ಹಾಗೆಯೇ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆಗೆ ಹೆಸರು ತಂದ ಹತ್ತಿ ಗಿರಣಿಗಳು, 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾದ ಮೈಸೂರು ಕಿರ್ಲೋಸ್ಕರ್, ಇವು ಖಾಸಗಿ ಸಾಹಸಗಳು ಎಂಬುದು ನಿಜ. ಆದರೆ ರೈಲು ಮಾರ್ಗ, ವಿದ್ಯುತ್ತು, ಹೊರದೇಶದ ಸರಕಿನಿಂದ ರಕ್ಷಣೆ ಇವನ್ನೆಲ್ಲ ಒದಗಿಸಿದ್ದು ಸರ್ಕಾರ. ಗಿರಣಿಯ ಕೆಲಸಗಾರನಿಗೆ ಪಾಳಿ, ಸಂಬಳದ ಚೀಟಿ, ಭವಿಷ್ಯನಿಧಿ, ಇ.ಎಸ್.ಐ., ಬೋನಸ್ಸು ಇದ್ದವು, ಮತ್ತು ಅವನ್ನು ಕೊಡಿಸುವ ಕಾನೂನು ಇತ್ತು. ನಿಯತ್ತಾಗಿ ದುಡಿದರೆ ನಿವೃತ್ತಿಯವರೆಗೆ ಕೆಲಸ ಉಳಿಯುತ್ತದೆ ಎಂಬ ಭರವಸೆಯಿಂದಲೇ ಆ ತಲೆಮಾರಿನ ನಿಷ್ಠೆ ಬೆಳೆಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೊಸ ಶತಮಾನದ ಆರಂಭದ ಹೊತ್ತಿಗೆ ಕಿರ್ಲೋಸ್ಕರ್ ಕೂಡ ಮುಚ್ಚಿತು. ಬಾಕಿ ಹಣಕ್ಕಾಗಿ ಅಪ್ಪ ಕೋರ್ಟು ಅಲೆದದ್ದನ್ನು ಕಂಡು ಬೆಳೆದ ಮಕ್ಕಳು ದುಡಿಮೆಯ ಬಗ್ಗೆ ಅಪ್ಪನಿಗಿದ್ದ ನಂಬಿಕೆಯನ್ನೇ ಇಟ್ಟುಕೊಳ್ಳಬೇಕೆಂದು ಬಯಸುವುದು ಹೇಗೆ?

ಒಂದು ತಲೆಮಾರಿನ ಮನೋಭಾವ ಆಕಾಶದಿಂದ ಉದುರುವುದಿಲ್ಲ. ಅದು ಹುಟ್ಟಿ ಬೆಳೆಯುವ ಹೊತ್ತಿಗೆ ಸರ್ಕಾರ ಮತ್ತು ಮಾರುಕಟ್ಟೆ ಯಾವ ಬಗೆಯ ಕೆಲಸಗಳನ್ನು ಕಣ್ಣ ಮುಂದೆ ಇಟ್ಟಿದ್ದವು ಎಂಬುದರಿಂದ ಆ ಮನೋಭಾವ ರೂಪುಗೊಳ್ಳುತ್ತದೆ. ಈ ಪುಟದ ಉಳಿದ ಉತ್ತರಗಳಿಗೂ ಇದೇ ಆಧಾರ.

ಪದವಿ ಮುಗಿಸಿದವರು ವರ್ಷಗಟ್ಟಲೆ ಸರ್ಕಾರಿ ನೌಕರಿಗೇ ಏಕೆ ಕಾಯುತ್ತಾರೆ? ಸಿಕ್ಕ ಕೆಲಸ ಮಾಡಬಾರದೇ?

ಚಿತ್ರದುರ್ಗದ ಗ್ರಂಥಾಲಯಗಳಲ್ಲಿ, ಧಾರವಾಡದ ಹಾಗೂ ಬೆಂಗಳೂರಿನ ವಿಜಯನಗರದ ತರಬೇತಿ ಕೇಂದ್ರಗಳಲ್ಲಿ ನಮ್ಮ ಎರಡೂ ಜಿಲ್ಲೆಗಳ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್, ಪಿ.ಡಿ.ಓ., ಗ್ರಾಮ ಆಡಳಿತಾಧಿಕಾರಿ, ಎಫ್.ಡಿ.ಎ., ಶಿಕ್ಷಕರ ನೇಮಕಾತಿ ಎಂದು ಒಂದರ ನಂತರ ಒಂದು ಅರ್ಜಿ ಹಾಕುತ್ತಾರೆ. ಇವರನ್ನು ಸೋಮಾರಿಗಳು ಎನ್ನಲು ಯಾವ ಆಧಾರವೂ ಇಲ್ಲ. ದಿನಕ್ಕೆ ಹತ್ತು ಗಂಟೆ ಕುಳಿತು ಓದುವುದೂ ಶ್ರಮವೇ.

ಅವರ ಲೆಕ್ಕಾಚಾರವನ್ನು ಅವರ ಜಾಗದಲ್ಲಿ ನಿಂತು ನೋಡಬೇಕು. ಒಂದು ಕಡೆ 27,000 ರೂಪಾಯಿಯಿಂದ ಶುರುವಾಗುವ ಮೂಲ ವೇತನ, ಅದರ ಮೇಲೆ ಭತ್ಯೆಗಳು, ಹೆರಿಗೆ ರಜೆ, ಊರಿನಲ್ಲಿ ಮರ್ಯಾದೆ, ಮದುವೆಯ ಮಾತುಕತೆಯಲ್ಲಿ ತೂಕ. ಇನ್ನೊಂದು ಕಡೆ ಶೋರೂಮಿನಲ್ಲೋ ಖಾಸಗಿ ಶಾಲೆಯಲ್ಲೋ ಅದರ ಅರ್ಧವೂ ಮುಟ್ಟದ, ಯಾವಾಗ ಬೇಕಾದರೂ ನಿಲ್ಲಬಹುದಾದ ಸಂಬಳ. ನಡುವೆ ಮೂರನೆಯ ಮೆಟ್ಟಿಲು ಎಂಬುದೇ ಇಲ್ಲ. ಹಿಂದೆ ಗಿರಣಿಯ ಮತ್ತು ಯಂತ್ರ ಕಾರ್ಖಾನೆಯ ಕೆಲಸಗಳು ಆ ನಡುವಿನ ಜಾಗವನ್ನು ತುಂಬಿದ್ದವು. ಅಂತರ ಇಷ್ಟು ದೊಡ್ಡದಾಗಿರುವಾಗ ಕಾಯುವುದು ವಿವೇಚನೆಯ ನಿರ್ಧಾರವೇ, ಆದರೆ ಸಾವಿರಾರು ಜನ ಅದನ್ನೇ ಮಾಡಿದಾಗ ಜಿಲ್ಲೆ ತನ್ನ ಅತ್ಯುತ್ತಮ ವರ್ಷಗಳನ್ನು ಕಳೆದುಕೊಳ್ಳುತ್ತದೆ.

ಇದರಲ್ಲಿ ಸರ್ಕಾರದ ಪಾಲು ದೊಡ್ಡದು. ರಾಜ್ಯದ ಇಲಾಖೆಗಳಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಆ ಕೆಲಸಗಳು ನಿಂತಿಲ್ಲ; ಹೊರಗುತ್ತಿಗೆ ನೌಕರರು ಮತ್ತು ಅತಿಥಿ ಶಿಕ್ಷಕರು ಕಡಿಮೆ ಹಣಕ್ಕೆ ಅವನ್ನು ನಡೆಸುತ್ತಿದ್ದಾರೆ. 2024ರ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ನಾಗಮೋಹನ ದಾಸ್ ಆಯೋಗದ ವರದಿ ಬಂದು ಸಂಪುಟ ಅದರ ಮೇಲೆ ತೀರ್ಮಾನ ಕೈಗೊಂಡಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ದಶಕಗಳ ಹೋರಾಟದ ನ್ಯಾಯವಾದ ಬೇಡಿಕೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ತಿಂಗಳುಗಳಲ್ಲಿ ವಯೋಮಿತಿಯ ಅಂಚಿಗೆ ಬಂದವರ ಆತಂಕವನ್ನು ಅರಿತವರು ಯುವಜನರ ದುಡಿಮೆಯ ಬಗ್ಗೆ ಹಗುರವಾಗಿ ಮಾತನಾಡಲಾರರು. ಪ್ರತಿವರ್ಷ ನಿಗದಿತ ತಿಂಗಳಲ್ಲಿ ಪರೀಕ್ಷೆ, ನಿಗದಿತ ತಿಂಗಳಲ್ಲಿ ಫಲಿತಾಂಶ ಎಂಬ ವೇಳಾಪಟ್ಟಿ ಪಾಲನೆಯಾದರೆ ಆಯ್ಕೆಯಾಗದವರು ಇನ್ನೊಂದು ದಾರಿ ಹಿಡಿಯಲು ಧೈರ್ಯ ಮಾಡುತ್ತಾರೆ. ಅದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ.

ಯುವನಿಧಿ ಕೊಟ್ಟು ನಿರುದ್ಯೋಗಿಗಳನ್ನೇ ಬೆಳೆಸಿದಂತಾಗುವುದಿಲ್ಲವೇ?

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಈ ಯೋಜನೆಯಡಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪರೀಕ್ಷೆಯ ಅರ್ಜಿ ಶುಲ್ಕ, ಬಸ್ಸು, ಪುಸ್ತಕಕ್ಕೆ ಅದು ಆಗುತ್ತದೆ, ಬದುಕಿಗೆ ಆಗುವುದಿಲ್ಲ. ಯೋಜನೆಯ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಹಣದ ಜೊತೆಗೆ ಬರಬೇಕಿದ್ದ ಕೌಶಲ ತರಬೇತಿ ಮತ್ತು ಕಾರ್ಖಾನೆಗಳೊಳಗಿನ ಅಪ್ರೆಂಟಿಸ್ ಅನುಭವ ನಮ್ಮ ಕಡೆ ತೀರಾ ತೆಳುವಾಗಿದೆ.

ವಾರಕ್ಕೆ 70 ಗಂಟೆ ದುಡಿಯಬೇಕೆಂದು ದೊಡ್ಡವರು ಹೇಳುತ್ತಾರೆ. ದೇಶ ಬೆಳೆಯಲು ಅದು ಅಗತ್ಯವಲ್ಲವೇ?

ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು 2023ರ ಅಕ್ಟೋಬರ್‌ನಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಚರ್ಚೆಯಾಯಿತು. 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು ದೀರ್ಘ ಕಾರ್ಮಿಕ ಹೋರಾಟದ ಫಲವಾಗಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಮಾರುಕಟ್ಟೆಯ ಹಮಾಲರು, ಬೆಳಗಿನ ಜಾವದಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಲ್ಲುವ ಬೆಣ್ಣೆದೋಸೆ ಹೋಟೆಲಿನ ಕೆಲಸಗಾರರು ದೀರ್ಘಕಾಲ ದುಡಿಯುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಅವರು ತಲೆಮಾರುಗಳಿಂದ ಅಷ್ಟು ಗಂಟೆ ದುಡಿದರೂ ಶ್ರೀಮಂತರಾಗಲಿಲ್ಲ. ಗಂಟೆಗೆ ಎಷ್ಟು ಮೌಲ್ಯ ಹುಟ್ಟುತ್ತದೆ, ಅದರಲ್ಲಿ ದುಡಿದವರ ಪಾಲು ಎಷ್ಟು ಎಂಬುದರ ಮೇಲೆ ಏಳಿಗೆ ನಿಂತಿದೆ. ಮೌಲ್ಯ ಹೆಚ್ಚಬೇಕಾದರೆ ಒಳ್ಳೆಯ ಯಂತ್ರ, ತರಬೇತಿ, ನಿಲ್ಲದ ವಿದ್ಯುತ್ತು ಮತ್ತು ಸಾಗಣೆ ಬೇಕು. ಕಾವು ಮತ್ತು ಹೊಗೆಯ ನಡುವೆ ನಿಲ್ಲಬೇಕಾದ ಭಟ್ಟಿಯ ಕೆಲಸಕ್ಕೆ ಅಲ್ಲಿನವರ ಮಕ್ಕಳು ಬರಲು ಒಪ್ಪದಿದ್ದರೆ, ಆ ಕೆಲಸವನ್ನು ಸುಧಾರಿಸುವುದು ಹೇಗೆಂದು ಕೇಳುವುದೇ ನ್ಯಾಯ. ಶರಣರ ನಾಡಿನಲ್ಲಿ ಕಾಯಕದ ಹೆಸರು ಹೇಳಿ ಹೆಚ್ಚು ದುಡಿಸಿಕೊಳ್ಳುವವರು, ಅದೇ ಪರಂಪರೆ ದಾಸೋಹವನ್ನೂ ಅಷ್ಟೇ ಗಟ್ಟಿಯಾಗಿ ಹೇಳಿತ್ತೆಂಬುದನ್ನು ನೆನಪಿಡಬೇಕು.

ಹೆಣ್ಣುಮಕ್ಕಳ ದುಡಿಮೆಯಲ್ಲಿ ಏನು ಬದಲಾಗಿದೆ?

ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿರುವವರ ಅಥವಾ ಕೆಲಸ ಹುಡುಕುತ್ತಿರುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ ಎಂದು ಕೇಂದ್ರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಹೇಳುತ್ತದೆ. ಈ ಏರಿಕೆಯ ದೊಡ್ಡ ಪಾಲು ಹಳ್ಳಿಗಳಲ್ಲಿ ಸ್ವಂತ ಹೊಲದ ಅಥವಾ ಮನೆಯ ಕಸುಬಿನದು, ಬಹಳಷ್ಟು ಸಂಬಳವಿಲ್ಲದ ದುಡಿಮೆ. ಅಂಕಿ ಏರಿದ ಮಾತ್ರಕ್ಕೆ ಕೈಗೆ ಕಾಸು ಬಂತೆಂದು ತಿಳಿಯಬಾರದು.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಸೂಕ್ತ. ಹೊಳಲ್ಕೆರೆಯ ಹಳ್ಳಿಯಿಂದ ಚಿತ್ರದುರ್ಗಕ್ಕೆ, ಹರಿಹರದಿಂದ ದಾವಣಗೆರೆಯ ಗಾರ್ಮೆಂಟ್ಸ್‌ಗೋ ನರ್ಸಿಂಗ್ ಕಾಲೇಜಿಗೋ ದಿನವೂ ಓಡಾಡುವ ಹೆಣ್ಣುಮಗಳ ಸಂಬಳದಲ್ಲಿ ಬಸ್ ಚಾರ್ಜಿಗೆ ಹೋಗುತ್ತಿದ್ದ ಪಾಲು ಈಗ ಅವಳಲ್ಲೇ ಉಳಿಯುತ್ತದೆ. ಬಿಟ್ಟಿ ಎಂದು ಹೀಗಳೆಯಲಾಗುವ ಯೋಜನೆಯೊಂದು ದುಡಿಮೆಗೆ ನೇರವಾಗಿ ಇಂಬು ಕೊಡುವ ಉದಾಹರಣೆ ಇದು. ಹಾಗೆಯೇ ಬಸ್ಸುಗಳ ಸಂಖ್ಯೆ ಸಾಲದೆ ಶಾಲಾ ಮಕ್ಕಳು ಬಾಗಿಲಲ್ಲಿ ಜೋತು ಬೀಳುವಂತಾಗಿರುವುದೂ ನಿಜ. ಟಿಕೆಟ್ಟಿನ ಹಣವನ್ನು ತುಂಬಿಕೊಡುವ ಸರ್ಕಾರ ಹೊಸ ಬಸ್ಸುಗಳಿಗೂ ಚಾಲಕರಿಗೂ ಅಷ್ಟೇ ತ್ವರೆಯಿಂದ ಹಣ ಕೊಡಬೇಕು.

ದಾವಣಗೆರೆ ಸ್ಮಾರ್ಟ್ ಸಿಟಿ ಆಯಿತು. ಉದ್ಯೋಗ ಬಂತೇ?

2016ರ ಜನವರಿಯಲ್ಲಿ ಆಯ್ಕೆಯಾದ ದೇಶದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಇತ್ತು. ಕೇಂದ್ರದಿಂದ 500 ಕೋಟಿ ರೂಪಾಯಿವರೆಗೆ, ರಾಜ್ಯದಿಂದ ಅಷ್ಟೇ ಪಾಲು ಎಂಬುದು ಯೋಜನೆಯ ಚೌಕಟ್ಟು. ರಸ್ತೆ, ಚರಂಡಿ, ಬಸ್ ನಿಲ್ದಾಣ, ಉದ್ಯಾನಗಳು ಬಂದವು. ಕಾಮಗಾರಿ ನಡೆದಷ್ಟು ದಿನ ಕೂಲಿ ಇತ್ತು, ಮುಗಿದ ಮೇಲೆ ಉದ್ಯೋಗ ಉಳಿಯಲಿಲ್ಲ, ಏಕೆಂದರೆ ಆ ಯೋಜನೆಯ ಗುರಿಯೇ ನಗರ ಸೌಕರ್ಯವಾಗಿತ್ತು.

ಭದ್ರಾ ಮೇಲ್ದಂಡೆ ಮತ್ತು ನೇರ ರೈಲು ಮಾರ್ಗ ಇಷ್ಟು ತಡವಾಗುತ್ತಿರುವುದರಿಂದ ನಿಜವಾದ ನಷ್ಟವೇನು?

ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಬಯಲುಸೀಮೆಗೆ ನೀರೆತ್ತಿ ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕು, ಕೆರೆಗಳನ್ನು ತುಂಬಿಸಬೇಕು. 2023ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಿಸಿದ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ದೂರಿದೆ, ರೈತ ಸಂಘಟನೆಗಳು ಧರಣಿ ಕೂತಿವೆ, ಬಂದ್ ಮಾಡಿವೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ ಮಂಜೂರಾದದ್ದು 2011–12ರಲ್ಲಿ. ಭೂಸ್ವಾಧೀನದಲ್ಲೇ ವರ್ಷಗಳು ಉರುಳಿದವು. ಚಿತ್ರದುರ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಇಂದಿಗೂ ಚಿಕ್ಕಜಾಜೂರಿನ ಮೂಲಕ ಸುತ್ತಿ ಹೋಗಬೇಕು.

ತಡದ ನಷ್ಟವನ್ನು ಸಾಮಾನ್ಯವಾಗಿ ಏರಿದ ಕಾಮಗಾರಿ ವೆಚ್ಚದಲ್ಲಿ ಅಳೆಯುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ಯೋಜನೆಯ ಮಾತು ಮೊದಲು ಕೇಳಿದಾಗ ಶಾಲೆಯಲ್ಲಿದ್ದ ಹುಡುಗ ಈಗ ಎರಡು ಮಕ್ಕಳ ತಂದೆ. ನೀರು ಬರುತ್ತದೆಂದು ಕಾದ ಅವನು ಸಾವಿರ ಅಡಿ ಕೊಳವೆಬಾವಿ ಕೊರೆಸಿ ಸಾಲ ಮಾಡಿದ, ಕೊನೆಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಹುಡುಕಿದ. ನಾಲೆ ಅವನ ಹೊಲದ ಪಕ್ಕಕ್ಕೆ ಬರುವ ಹೊತ್ತಿಗೆ ಬೇಸಾಯ ಬಲ್ಲ ಕೈ ಊರಿನಲ್ಲಿ ಉಳಿದಿರುವುದಿಲ್ಲ. ತಡವಾಗಿ ಬಂದ ಬಂಡವಾಳ ವೆಚ್ಚ ಒಂದು ತಲೆಮಾರನ್ನು ದಾಟಿಹೋಗುತ್ತದೆ. ಇದಕ್ಕೆ ಎದುರಾಗಿ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತರುವ ಏತ ಯೋಜನೆಯನ್ನು ನೋಡಬಹುದು. ಸಿರಿಗೆರೆಯ ತರಳಬಾಳು ಜಗದ್ಗುರುಗಳು ಬೆನ್ನುಬಿದ್ದು ನಡೆಸಿದ ಒತ್ತಾಯ ಅದರ ಹಿಂದಿತ್ತು. ಕೆರೆಗೆ ನೀರು ಬಂದರೆ ಸುತ್ತಲಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ, ಊರು ಬಿಡುವ ನಿರ್ಧಾರ ಒಂದೆರಡು ವರ್ಷವಾದರೂ ಮುಂದಕ್ಕೆ ಹೋಗುತ್ತದೆ.

ಚಳ್ಳಕೆರೆಯ ವಿಜ್ಞಾನ ನಗರಿಯಿಂದ ಸ್ಥಳೀಯರಿಗೆ ಏನು ಸಿಕ್ಕಿತು?

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ಡಿ.ಆರ್.ಡಿ.ಒ., ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಕೊಡಲಾಯಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನದ ಇಳಿಯುವ ಪರೀಕ್ಷೆ ಅಲ್ಲಿಯೇ ಯಶಸ್ವಿಯಾಯಿತು. ದೇಶಕ್ಕೆ ಇದು ಹೆಮ್ಮೆಯ ಖರ್ಚು. ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ, ಕಂಬಳಿ ನೇಯುತ್ತಿದ್ದ ಕುಟುಂಬಗಳು ಕಳೆದುಕೊಂಡದ್ದು ಹುಲ್ಲುಗಾವಲನ್ನು. ಅವರ ಮಕ್ಕಳು ಆ ಬೇಲಿಯೊಳಗೆ ತಂತ್ರಜ್ಞರಾಗಿ ಹೋಗುವಂತೆ ತಾಲ್ಲೂಕಿನ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್‌ಗಳ ಪಠ್ಯವನ್ನು ಆ ಸಂಸ್ಥೆಗಳ ಅಗತ್ಯಕ್ಕೆ ಹೊಂದಿಸಿದಾಗ ಮಾತ್ರ ಈ ಖರ್ಚು ಜಿಲ್ಲೆಯದೂ ಆಗುತ್ತದೆ.

ಈ ಸಾಲವನ್ನೆಲ್ಲ ತೀರಿಸಬೇಕಾದವರು ಇಂದಿನ ಯುವಕರೇ ಅಲ್ಲವೇ?

ಹೌದು. 2025–26ರ ಬಜೆಟ್ಟಿನಲ್ಲಿ ಹೊಸ ಸಾಲದ ಅಂದಾಜು 1,16,000 ಕೋಟಿ ರೂಪಾಯಿ. ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಉಳಿದ ಆದಾಯವನ್ನು ಮೀರಿದ ಖರ್ಚು, ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 2.95; ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಸಾಲವೆಲ್ಲ ಸೇರಿ, ಶೇ 24.91. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಗಳು ಕ್ರಮವಾಗಿ ಶೇ 3 ಮತ್ತು ಶೇ 25. ಮಿತಿಯೊಳಗೇ ಇದ್ದೇವೆ, ಆದರೆ ಅಂಚಿನಲ್ಲಿದ್ದೇವೆ.

ಹೆಚ್ಚು ಚಿಂತೆ ಹುಟ್ಟಿಸಬೇಕಾದ ಅಂಕಿ 19,262 ಕೋಟಿಯ ರಾಜಸ್ವ ಕೊರತೆ. ದಿನನಿತ್ಯದ ಖರ್ಚಿಗೂ ಅಷ್ಟರಮಟ್ಟಿಗೆ ಸಾಲ ಮಾಡುತ್ತಿದ್ದೇವೆ ಎಂದು ಇದರ ಅರ್ಥ. ಕಾಲುವೆಗೆ ಮಾಡಿದ ಸಾಲವನ್ನು ತೀರಿಸುವಾಗ ಮುಂದಿನವರ ಕೈಯಲ್ಲಿ ಕಾಲುವೆಯಾದರೂ ಇರುತ್ತದೆ. ಆದ್ದರಿಂದ ಗ್ಯಾರಂಟಿಗಳನ್ನು ಬೆಂಬಲಿಸುವವರೂ, ಉಳ್ಳವರಿಗೆ ಹೋಗುವ ಸೌಲಭ್ಯಗಳನ್ನು ಜರಡಿ ಹಿಡಿಯುವಂತೆ ಕೇಳುವುದು ಅಗತ್ಯ. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತು ಎರಡು ಮಹಡಿಯ ಮನೆಗೂ ಬೇಕೇ ಎಂಬುದು ಬಡವರ ಪರವಾದ ಪ್ರಶ್ನೆಯೇ.

ಬೈಕ್ ಹತ್ತಿ ಊಟ ತಲುಪಿಸುವ ಕೆಲಸಕ್ಕೆ ಹುಡುಗರು ಹೋಗುತ್ತಾರೆ, ಹೊಲಕ್ಕೆ ಬರುವುದಿಲ್ಲ. ಏಕೆ?

ಅಲ್ಲಿ ವಾರದ ಕೊನೆಗೆ ಹಣ ಖಾತೆಗೆ ಬೀಳುತ್ತದೆ, ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ, ಯಜಮಾನರ ಎದುರು ಕೈಕಟ್ಟಿ ನಿಲ್ಲಬೇಕಿಲ್ಲ. ಈ ಎರಡನೆಯ ಮತ್ತು ಮೂರನೆಯ ಕಾರಣಗಳನ್ನು ನಮ್ಮ ಹಿರಿಯರು ಎಣಿಕೆಗೆ ತೆಗೆದುಕೊಳ್ಳುವುದೇ ಇಲ್ಲ. ಅಪಘಾತವಾದರೆ ಆಸರೆಯಿಲ್ಲ ಎಂಬ ಕೊರತೆಯನ್ನು ತುಂಬಲು 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಪಡೆಯುವವರ) ಕಾಯ್ದೆ ತಂದಿದೆ. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕೊಡಬೇಕು.

ಕರ್ನಾಟಕದ ತಲಾ ಆದಾಯ ದೊಡ್ಡ ರಾಜ್ಯಗಳಲ್ಲೇ ಮೇಲಿನ ಸಾಲಿನಲ್ಲಿದೆ ಎನ್ನುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಅದು ಏಕೆ ಕಾಣುವುದಿಲ್ಲ?

ರಾಜ್ಯದ ಸರಾಸರಿಯನ್ನು ಎತ್ತಿ ಹಿಡಿದಿರುವುದು ಬೆಂಗಳೂರು. ದಾವಣಗೆರೆ, ಚಿತ್ರದುರ್ಗ ಎರಡೂ ಆ ಸರಾಸರಿಗಿಂತ ಕೆಳಗಿವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿ, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸೂಚಿಸಿತು. ಜಗಳೂರಿನಂತಹ ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಹಣ ಬಂತು, ಆದರೆ ಇಲಾಖೆ ಇಲಾಖೆಗಳಲ್ಲಿ ಚೂರುಚೂರಾಗಿ ಹಂಚಿಹೋಯಿತು. ಒಂದು ತಾಲ್ಲೂಕಿನ ಉದ್ಯೋಗದ ಚಿತ್ರವನ್ನು ಬದಲಿಸುವಷ್ಟು ಮೊತ್ತ ಒಂದೆಡೆ ಸೇರಲಿಲ್ಲ.

ಸಾಮಾನ್ಯ ನಾಗರಿಕರು ಇದರಲ್ಲಿ ಏನನ್ನು, ಎಲ್ಲಿ ಕೇಳಬಹುದು?

ಮಾರ್ಚ್‌ನಲ್ಲಿ ಬಜೆಟ್ ಬಂದಾಗ ಘೋಷಣೆಗಳ ಪಟ್ಟಿಗಿಂತ ಹಿಂದಿನ ವರ್ಷದ ಪರಿಷ್ಕೃತ ಅಂದಾಜನ್ನು ನೋಡಬೇಕು. ಘೋಷಿಸಿದ್ದಕ್ಕೂ ಖರ್ಚಾಗುತ್ತಿರುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಸುಮಾರಾಗಿ ಕಾಣುತ್ತದೆ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಯನ್ನು ಓದಿಸಿ, ಚರಂಡಿ ಮತ್ತು ಕಾಂಕ್ರೀಟ್ ರಸ್ತೆಯ ಜೊತೆಗೆ ಕೆರೆ ಹೂಳು, ಒಕ್ಕಣೆ ಕಣ, ಗೋದಾಮು ಎಷ್ಟಿವೆ ಎಂದು ಕೇಳಬಹುದು. ಮಹಾನಗರ ಪಾಲಿಕೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹೊರಗುತ್ತಿಗೆ ನೌಕರರಿಗೆ ಕನಿಷ್ಠ ವೇತನ, ಭವಿಷ್ಯನಿಧಿ ಸಂದಾಯವಾಗಿದೆಯೇ ಎಂಬುದನ್ನು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದು ತಿಳಿಯಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಪೌರಕಾರ್ಮಿಕರು, ಡಾಟಾ ಎಂಟ್ರಿ ಆಪರೇಟರುಗಳು, ಆಸ್ಪತ್ರೆಯ ಡಿ ದರ್ಜೆ ಸಿಬ್ಬಂದಿ ಎಂದು ವಿಭಾಗವಾರು ಕೇಳಿದರೆ ಉತ್ತರ ಸ್ಪಷ್ಟವಾಗಿ ಬರುತ್ತದೆ, ಗುತ್ತಿಗೆ ಸಂಸ್ಥೆ ಭವಿಷ್ಯನಿಧಿ ಕಟ್ಟಿದ ಚಲನ್ ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು.